ರಣರಂಗದ ಗುಟ್ಟು, ಪತ್ರಿಕೆಯ ಹೊಣೆ

ಭಾರತಯುದ್ಧದ ಕಡೆಯ ದಿನ ತನ್ನ ಸೈನ್ಯವೆಲ್ಲ ಅಳಿದುಹೋದ ಮೇಲೆ ದುರ್ಯೋಧನನು ಸರೋವರದ ನೀರಿನಲ್ಲಿ ಅಡಗಿ ಕುಳಿತ ಕಥೆಯನ್ನು ಕೇಳದ ಕನ್ನಡಿಗರಿರಲಾರರು. ಪಾಂಡವರ ಚಾರರು ದಿಕ್ಕುದಿಕ್ಕಿಗೆ ಹೋಗಿ ಹುಡುಕಿದರೂ ಅವನ ಸುಳಿವು ಹತ್ತಲಿಲ್ಲ. ಕೊನೆಗೆ ಆ ಗುಟ್ಟನ್ನು ಹೊರಗೆಡಹಿದವರು ಗೂಢಚಾರರಲ್ಲ, ಸ್ವಾಮಿದ್ರೋಹಿಗಳೂ ಅಲ್ಲ. ಭೀಮಸೇನನ ಬಿಡಾರಕ್ಕೆ ದಿನವೂ ಮಾಂಸ ಹೊತ್ತು ತರುತ್ತಿದ್ದ ಬೇಡರು. ಬಾಯಾರಿ ನೀರಿಗೆಂದು ದಂಡೆಗೆ ಬಂದ ಅವರ ಕಿವಿಗೆ, ಅಶ್ವತ್ಥಾಮ ಮೊದಲಾದ ಮೂವರು ವೀರರು ನೀರೊಳಗಿನ ಅರಸನೊಡನೆ ಆಡುತ್ತಿದ್ದ ಮಾತು ಬಿದ್ದಿತು. ಹೇಳಿದರೆ ಹೊನ್ನು ದೊರೆತೀತೆಂದು ಅವರು ಭೀಮನ ಬಳಿಗೆ ಓಡಿದರು. ಮುಂದೇನಾಯಿತೆಂಬುದನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ಕೌರವನ ನ್ಯಾಯಾನ್ಯಾಯದ ವಿಚಾರ ಅದಿರಲಿ. ಯುದ್ಧಕಾಲದಲ್ಲಿ ಗುಟ್ಟು ಹೇಗೆ ಒಡೆಯುತ್ತದೆಂಬುದನ್ನು ಈ ಕಥೆ ಎಷ್ಟು ಚೆನ್ನಾಗಿ ತಿಳಿಸುತ್ತದೆಂಬುದನ್ನು ಮಾತ್ರ ಗಮನಿಸಬೇಕು. ದಂಡೆಯ ಮೇಲೆ ನಿಂತು ಗಟ್ಟಿಯಾಗಿ ಮಾತನಾಡಿದವರು ಅರಸನ ಆಪ್ತರೇ. ಅದನ್ನು ಮಾರಿಕೊಂಡವರು ಹೊರಗಿನವರು. ಒಳಗಿನವರ ಎಚ್ಚರಗೇಡಿತನ, ಹೊರಗಿನವರ ಲಾಭದ ಆಸೆ, ಇವೆರಡು ಕೂಡಿದಲ್ಲಿ ಯಾವ ಸರೋವರದ ಆಳವೂ ಸಾಲದು. ಆದರೆ ನಮ್ಮಲ್ಲಿ ಈ ವಿಷಯದ ಚರ್ಚೆ ಬಂದಾಗಲೆಲ್ಲ ದೋಷವು ಬೇಡರ ಮೇಲೆಯೇ, ಅಂದರೆ ಪತ್ರಿಕೆಗಳ ಮತ್ತು ದೂರದರ್ಶನ ವಾಹಿನಿಗಳ ಮೇಲೆಯೇ ಬೀಳುತ್ತದೆ. ಅವುಗಳ ದೋಷ ಅಲ್ಪವೆಂದು ನಾವು ಹೇಳುವುದಿಲ್ಲ. ದೋಷ ಅವುಗಳದೊಂದೇ ಎಂಬುದನ್ನು ಮಾತ್ರ ಒಪ್ಪಲಾರೆವು.

ಕಿಸೆಯೊಳಗಿನ ಚಾರ

ಅಂದು ದಂಡೆಯಲ್ಲಿ ನಿಂತು ಕೇಳಿದವರು ಕೆಲವೇ ಮಂದಿ. ಇಂದು ನಮ್ಮಲ್ಲಿ ಪ್ರತಿಯೊಬ್ಬನ ಕಿಸೆಯಲ್ಲಿಯೂ ನೋಡುವ ಕಣ್ಣು, ಕೇಳುವ ಕಿವಿ, ಡಂಗುರ ಸಾರುವ ಬಾಯಿ ಮೂರೂ ಒಂದಾದ ಯಂತ್ರವಿದೆ. ಸಿಪಾಯಿಯ ಶಿರಸ್ತ್ರಾಣದ ಮೇಲೆ ಕ್ಯಾಮರಾ ಇದೆ. ಆಕಾಶದಲ್ಲಿ ಡ್ರೋನು ಇದೆ. ಗಡಿಯಲ್ಲಿ ನಡೆದ ಕಾದಾಟದ ಚಲಚ್ಚಿತ್ರವು ಸೇನಾಪತಿಯ ಮೇಜನ್ನು ಮುಟ್ಟುವ ಮೊದಲೇ ಪೇಟೆಯ ಹುಡುಗರ ಕೈಯಲ್ಲಿ ಓಡಾಡುವ ಕಾಲ ಇದು.

ಚಿತ್ರವನ್ನು ತೆಗೆದವನು ತನ್ನ ಗೆಳೆಯನ ಮುಖವನ್ನು ಮಾತ್ರ ತೆಗೆದೆನೆಂದು ತಿಳಿಯುತ್ತಾನೆ. ಬಲ್ಲವನು ಮುಖವನ್ನು ನೋಡುವುದಿಲ್ಲ. ಅವನು ಹಿಂದಿನ ಬೆಟ್ಟದ ಏಣನ್ನು, ವಿದ್ಯುತ್ ಕಂಬಗಳ ಸಾಲನ್ನು, ನೆರಳಿನ ಉದ್ದವನ್ನು ನೋಡುತ್ತಾನೆ. ಬೆಟ್ಟ ಊರನ್ನು ಹೇಳುತ್ತದೆ, ನೆರಳು ಹೊತ್ತನ್ನು ಹೇಳುತ್ತದೆ, ಲಾರಿಯ ಮೇಲಿನ ಗುರುತು ಪಟಾಲಮನ್ನು ಹೇಳುತ್ತದೆ. ಕಾದಾಟದ ಚಿತ್ರವಾದರೆ ಇನ್ನೂ ಹೆಚ್ಚಿನದನ್ನು ಹೇಳುತ್ತದೆ: ನಮ್ಮವರು ಒಂದು ಕೋಣೆಯನ್ನು ಹೊಗುವ ಕ್ರಮ ಯಾವುದು, ಕೈಸನ್ನೆ ಎಂತಹದು, ಕತ್ತಲೆಯಲ್ಲಿ ನಮ್ಮ ಯಂತ್ರ ಎಷ್ಟು ದೂರ ಕಾಣಬಲ್ಲದು ಎಂಬುದೆಲ್ಲ ಎದುರಾಳಿಗೆ ಪುಕ್ಕಟೆಯಾಗಿ ದೊರೆಯುತ್ತದೆ.

ಚಿತ್ರವೇ ಬೇಕೆಂದಿಲ್ಲ. 2017ರ ನವೆಂಬರಿನಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಸಂಸ್ಥೆಯು ತನ್ನ ಗ್ರಾಹಕರು ಓಡಿದ ಹಾದಿಗಳನ್ನೆಲ್ಲ ಸೇರಿಸಿ ಒಂದು ಜಗತ್ತಿನ ನಕಾಶೆಯನ್ನು ಪ್ರಕಟಿಸಿತು. 2018ರ ಜನವರಿಯಲ್ಲಿ ಅದನ್ನು ಸೂಕ್ಷ್ಮವಾಗಿ ನೋಡಿದವರಿಗೆ ಅಫ್ಘಾನಿಸ್ತಾನ, ಸಿರಿಯಾ ಮೊದಲಾದ ಕಡೆಗಳ ಬಯಲಿನಲ್ಲಿ ಸೇನಾಠಾಣ್ಯಗಳ ಆಕಾರವೇ ಹೊಳೆಯುವ ಗೆರೆಗಳಾಗಿ ಕಂಡಿತು. ಬೆಳಗಿನ ಓಟಕ್ಕೆ ಹೋದ ಸೈನಿಕರು ಕೈಗೆ ಕಟ್ಟಿಕೊಂಡ ಯಂತ್ರದಿಂದ ತಮ್ಮ ಪಾಳೆಯದ ಸುತ್ತುಗೋಡೆಯನ್ನು ತಾವೇ ಬರೆದುಕೊಟ್ಟಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಅಮೇರಿಕದ ರಕ್ಷಣಾ ಇಲಾಖೆಯು ಕಾರ್ಯಾಚರಣೆಯ ಪ್ರದೇಶಗಳಲ್ಲಿ ಇರುವ ನೆಲೆಯನ್ನು ಸೂಚಿಸುವ ಇಂತಹ ಯಂತ್ರಗಳ ಬಳಕೆಯನ್ನು ನಿಷೇಧಿಸಬೇಕಾಯಿತು.

ಯುಕ್ರೇನಿನ ಯುದ್ಧದಲ್ಲಿ ಇದರ ಬೆಲೆ ರಕ್ತದಲ್ಲಿ ಸಂದಿತು. 2023ರ ಹೊಸವರ್ಷದ ರಾತ್ರಿ, ಹನ್ನೆರಡು ಹೊಡೆದ ಸ್ವಲ್ಪ ಹೊತ್ತಿನಲ್ಲಿಯೇ, ಮಕೀವ್ಕಾ ಪಟ್ಟಣದ ಒಂದು ವೃತ್ತಿಶಿಕ್ಷಣ ಶಾಲೆಯಲ್ಲಿ ಇಳಿದಿದ್ದ ರಷ್ಯದ ಸೈನಿಕರ ಮೇಲೆ ಯುಕ್ರೇನಿನ ಕ್ಷಿಪಣಿಗಳು ಬಿದ್ದವು. ಸತ್ತವರು 89 ಮಂದಿಯೆಂದು ರಷ್ಯ ಒಪ್ಪಿತು. ಯುಕ್ರೇನು ಹೇಳಿದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ನಿಷೇಧವಿದ್ದರೂ ಸೈನಿಕರು ಮೊಬೈಲುಗಳನ್ನು ಬಳಸಿದುದೇ ಈ ಅನಾಹುತಕ್ಕೆ ಮುಖ್ಯ ಕಾರಣವೆಂದು ರಷ್ಯದ ರಕ್ಷಣಾ ಸಚಿವಾಲಯ ಸಾರಿತು. ಅಷ್ಟು ಮಂದಿಯನ್ನು ಒಂದೇ ಸೂರಿನಡಿ ಇಳಿಸಿದವರು ಯಾರು, ಅದರ ಬಳಿಯಲ್ಲಿಯೇ ಮದ್ದುಗುಂಡನ್ನು ಇರಿಸಿದವರು ಯಾರು ಎಂಬ ಪ್ರಶ್ನೆಯನ್ನು ರಷ್ಯದವರೇ ಕೆಲವರು ಎತ್ತಿದರು. ಸತ್ತ ಸಿಪಾಯಿ ಉತ್ತರ ಕೊಡಲಾರನು; ಆದಕಾರಣ ತಪ್ಪನ್ನು ಅವನ ಕಿಸೆಯಲ್ಲಿ ಇರಿಸುವುದು ಸುಲಭ. ಗುಟ್ಟಿನ ವಿಚಾರದಲ್ಲಿ ಮೇಲಿನವರ ಹೊಣೆ ಹೇಗೆ ಕೆಳಕ್ಕೆ ಜಾರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಮುಂಬಯಿಯ ಪಾಠ

ನಮ್ಮ ದೇಶದಲ್ಲಿ ಈ ಪಾಠವನ್ನು ಕಲಿಸಿದುದು ಮುಂಬಯಿ. 2008ರ ನವೆಂಬರ್ 26ರ ರಾತ್ರಿ ಸಮುದ್ರಮಾರ್ಗವಾಗಿ ಬಂದ ಹತ್ತು ಮಂದಿ ಘಾತುಕರು ಆ ಮಹಾನಗರವನ್ನು ಹೊಕ್ಕರು. 29ರ ಬೆಳಗಿನವರೆಗೆ ನಡೆದ ಆ ಘೋರದಲ್ಲಿ 166 ಮಂದಿ ಪ್ರಾಣ ಕಳೆದುಕೊಂಡರು. ತಾಜಮಹಲ್ ಹೋಟೆಲು, ಒಬೆರಾಯ್ ಹೋಟೆಲು, ನಾರಿಮನ್ ಭವನ ಇವುಗಳಲ್ಲಿ ಅಡಗಿದ್ದ ಘಾತುಕರನ್ನು ಹೊಡೆಯಲು ರಾಷ್ಟ್ರೀಯ ಭದ್ರತಾ ದಳದವರು ದೆಹಲಿಯ ಕಡೆಯಿಂದ ವಿಮಾನದಲ್ಲಿ ಬಂದರು. ಅವರು ಬಂದುದು, ನಿಂತುದು, ನುಗ್ಗಿದುದು ಎಲ್ಲವನ್ನೂ ವಾಹಿನಿಗಳು ಆಯಾ ಕ್ಷಣದಲ್ಲಿಯೇ ತೋರಿಸಿದವು. 28ರ ಬೆಳಗ್ಗೆ ನಾರಿಮನ್ ಭವನದ ಮಾಳಿಗೆಯ ಮೇಲೆ ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಯೋಧರು ಇಳಿಯುತ್ತಿರುವುದನ್ನು ದೇಶವೆಲ್ಲ ತನ್ನ ಮನೆಯಲ್ಲಿ ಕುಳಿತು ನೋಡಿತು.

ನೋಡಿದುದು ನಮ್ಮ ದೇಶವೊಂದೇ ಅಲ್ಲ. ಪಾಕಿಸ್ತಾನದಲ್ಲಿ ಕುಳಿತು ಈ ಘಾತುಕರನ್ನು ಟೆಲಿಫೋನಿನ ಮೂಲಕ ನಡೆಸುತ್ತಿದ್ದ ಅವರ ಸೂತ್ರಧಾರರೂ ಅದೇ ಪರದೆಯನ್ನು ನೋಡುತ್ತಿದ್ದರು. ಒಳಗೆ ಕೋಣೆಯಲ್ಲಿ ಅವಿತವನಿಗೆ ಹೊರಗೆ ನಡೆಯುತ್ತಿರುವುದು ಕಾಣದು. ಆದರೆ ಸಾವಿರಾರು ಮೈಲಿ ಓಡುವ ತಂತಿಯ ಮೂಲಕ ಅವನಿಗೆ ಹೊರಗಿನ ಕಣ್ಣನ್ನು ಕೊಟ್ಟವು ನಮ್ಮದೇ ವಾಹಿನಿಗಳು. ಇವರ ಸಂಭಾಷಣೆಯನ್ನು ನಮ್ಮ ಅಧಿಕಾರಿಗಳು ಕದ್ದಾಲಿಸಿ ಮುದ್ರಿಸಿಕೊಂಡರು. ಅದು ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಿ ಬಂದಿತು.

ಸೆರೆಸಿಕ್ಕ ಏಕೈಕ ಘಾತುಕನ ಮೇಲ್ಮನವಿಯನ್ನು ತಳ್ಳಿಹಾಕುತ್ತ 2012ರ ಆಗಸ್ಟ್ 29ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಅಫ್ತಾಬ್ ಆಲಂ ಮತ್ತು ನ್ಯಾಯಮೂರ್ತಿ ಚಂದ್ರಮೌಳಿ ಕುಮಾರ್ ಪ್ರಸಾದ್ ಅವರ ಪೀಠವು ಈ ವಿಷಯವನ್ನು ಪ್ರತ್ಯೇಕವಾಗಿ ಎತ್ತಿಕೊಂಡಿತು. ಈ ಪ್ರಸಾರವು ಭದ್ರತಾಪಡೆಯವರ ಕೆಲಸವನ್ನು ಕಠಿಣವನ್ನಾಗಿ ಮಾಡಿದುದಷ್ಟೇ ಅಲ್ಲದೆ ಅಪಾಯಕರವನ್ನಾಗಿಯೂ ಮಾಡಿತೆಂದು ಅದು ಹೇಳಿತು. ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಇದನ್ನು ಸಮರ್ಥಿಸಿಕೊಳ್ಳುವುದು ಸರಿಯಲ್ಲವೆಂದೂ, ಇದರಲ್ಲಿ ದೇಶದ ಹಿತಕ್ಕಿಂತ ವಾಹಿನಿಗಳ ವ್ಯಾಪಾರದ ಹಿತವೇ ಮೇಲಾಗಿತ್ತೆಂದೂ ಎತ್ತಿ ತೋರಿಸಿತು. ಆದರೆ ಅದೇ ನ್ಯಾಯಾಲಯವು, ಈ ಪ್ರಸಾರದಿಂದಲೇ ಇಂತಹ ಯೋಧನಿಗೆ ಪೆಟ್ಟಾಯಿತೆಂದು ಈ ಮೇಲ್ಮನವಿಗಳಲ್ಲಿ ನಿರ್ಣಯಿಸಲು ಸಾಧ್ಯವಿಲ್ಲವೆಂಬುದನ್ನೂ ಮುಚ್ಚಿಡದೆ ಬರೆಯಿತು.

ಈ ಕೊನೆಯ ಮಾತನ್ನು ನಾವು ಬೇಕೆಂದೇ ಇಲ್ಲಿ ಎತ್ತಿದ್ದೇವೆ. ಆ ಕಾರ್ಯಾಚರಣೆಯಲ್ಲಿ ನಾರಿಮನ್ ಭವನದಲ್ಲಿ ಹವಾಲ್ದಾರ್ ಗಜೇಂದ್ರ ಸಿಂಗರು ಬಿದ್ದರು. ತಾಜ್ ಹೋಟೆಲಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರು ಬಿದ್ದರು. ಇಬ್ಬರಿಗೂ ಮರಣಾನಂತರ ಅಶೋಕಚಕ್ರ ಸಂದಿತು. ಇವರ ಸಾವಿಗೆ ಕ್ಯಾಮರಾ ಕಾರಣವೆಂದು ಹೇಳಲು ಯಾರಿಗೂ ಆಧಾರವಿಲ್ಲ. ಹಾಗೆ ಹೇಳಲಾಗದು ಎಂಬುದರಿಂದ ವಾಹಿನಿಗಳ ತಪ್ಪು ಕಡಿಮೆಯಾಗುವುದೂ ಇಲ್ಲ. ಜನಸಂದಣಿಯ ಬೀದಿಯಲ್ಲಿ ಕಣ್ಣುಮುಚ್ಚಿ ಗಾಡಿ ಹೊಡೆದವನು, ಯಾರೂ ಚಕ್ರಕ್ಕೆ ಸಿಕ್ಕಲಿಲ್ಲವೆಂಬುದರಿಂದ ನಿರಪರಾಧಿಯಾಗುವನೇ?

ಮುಂಬಯಿಯ ಬಳಿಕ ವಾಹಿನಿಗಳ ಸಂಘವು ತನಗೆ ತಾನೇ ಕೆಲವು ನಿಯಮಗಳನ್ನು ಹಾಕಿಕೊಂಡಿತು. ಅದು ಸಾಲದೆಂದು 2015ರಲ್ಲಿ ಕೇಬಲ್ ಟೆಲಿವಿಷನ್ ನಿಯಮಗಳಿಗೆ ತಿದ್ದುಪಡಿಯಾಗಿ, ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯ ನೇರಪ್ರಸಾರವನ್ನು ನಿಷೇಧಿಸಲಾಯಿತು. ಕಾರ್ಯಾಚರಣೆ ಮುಗಿಯುವವರೆಗೆ ಸರಕಾರ ಗೊತ್ತುಮಾಡಿದ ಅಧಿಕಾರಿಯು ಆಗಾಗ ಕೊಡುವ ವಿವರಣೆಯಷ್ಟನ್ನೇ ಹೇಳಬೇಕು. 2025ರ ಏಪ್ರಿಲ್ 26ರಂದು, ಪಹಲ್ಗಾಮಿನ ಹತ್ಯಾಕಾಂಡ ನಡೆದ ನಾಲ್ಕು ದಿನಗಳಲ್ಲಿ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಇದೇ ನಿಯಮವನ್ನು ನೆನಪಿಸಿ ಎಲ್ಲ ವಾಹಿನಿಗಳಿಗೂ ಸೂಚನಾಪತ್ರ ಕಳುಹಿಸಿತು. ನಿಯಮವು ನ್ಯಾಯವಾದುದು. ಯೋಧನು ಬಾಗಿಲ ಬಳಿ ನಿಂತಿರುವಾಗ ಅವನು ಎಲ್ಲಿ ನಿಂತಿರುವನೆಂದು ತಿಳಿಯುವ ಹಕ್ಕು ಯಾವ ವಾಚಕನಿಗೂ ಇಲ್ಲ. ತಿಳಿಸುವ ಹಕ್ಕು ಯಾವ ಸಂಪಾದಕನಿಗೂ ಇಲ್ಲ.

ಬೇಲಿಯೇ ಹೊಲ ಮೇಯ್ದರೆ

ಇಷ್ಟನ್ನು ಒಪ್ಪಿದ ಮೇಲೆ ಅಧಿಕಾರಿವರ್ಗದವರನ್ನು ಕೇಳಬೇಕಾದ ಪ್ರಶ್ನೆಗಳು ಕೆಲವು ಉಂಟು. ಗುಟ್ಟು ಯಾವಾಗಲೂ ಬಾತ್ಮೀದಾರನ ಬಾಯಿಂದಲೇ ಒಡೆಯುತ್ತದೆಯೇ?

1982ರಲ್ಲಿ ಬ್ರಿಟಿಷರಿಗೂ ಅರ್ಜೆಂಟೀನಾದವರಿಗೂ ಫಾಕ್‌ಲೆಂಡ್ ದ್ವೀಪಗಳಿಗಾಗಿ ನಡೆದ ಯುದ್ಧದಲ್ಲಿ, ಗೂಸ್ ಗ್ರೀನ್ ಎಂಬ ಹಳ್ಳಿಯ ಮೇಲೆ ಪ್ಯಾರಾಷೂಟ್ ಪಡೆಯೊಂದು ದಾಳಿಗೆ ಸಿದ್ಧವಾಗಿ ಹೊಂಚುಹಾಕಿತ್ತು. ದಾಳಿಯ ಮುಂಚೆಯೇ ಬಿ.ಬಿ.ಸಿ.ಯ ಜಗತ್ ಪ್ರಸಾರವು ಆ ಪಡೆ ಅಲ್ಲಿಗೆ ಸಮೀಪಿಸಿದೆಯೆಂದು ಸಾರಿತು. ಹಳ್ಳದಲ್ಲಿ ಅಡಗಿ ಕುಳಿತ ಸೈನಿಕರು ತಮ್ಮ ಗುಟ್ಟನ್ನು ತಮ್ಮದೇ ರೇಡಿಯೋದಲ್ಲಿ ಕೇಳಿದರು. ಅವರ ನಾಯಕ ಲೆಫ್ಟಿನೆಂಟ್ ಕರ್ನಲ್ ಜೋನ್ಸರು ಕ್ರುದ್ಧರಾಗಿ, ಮೊಕದ್ದಮೆ ಹೂಡುವೆನೆಂದರು. ಮೇ 28ರ ಕಾಳಗದಲ್ಲಿ ಅವರೇ ಮಡಿದರು. ಎದುರಾಳಿಗಳು ಆ ವಾರ್ತೆಯನ್ನು ಎಷ್ಟರಮಟ್ಟಿಗೆ ನಂಬಿದರೆಂಬುದರಲ್ಲಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವುಂಟು. ನಾವು ಗಮನಿಸಬೇಕಾದುದು ಬೇರೆ: ಆ ಸುದ್ದಿ ಹೊರಟುದು ರಣಭೂಮಿಯಲ್ಲಿದ್ದ ಬಾತ್ಮೀದಾರರಿಂದಲ್ಲ, ಲಂಡನ್ನಿನಿಂದ. ಗೆಲುವಿನ ಸುದ್ದಿಗಾಗಿ ರಾಜಧಾನಿಯು ಹಾತೊರೆಯುವಾಗ ಸಿಪಾಯಿಯ ಗುಟ್ಟಿಗೆ ಕಾವಲಿಲ್ಲ.

ನಮ್ಮಲ್ಲಿಯೂ ಹೀಗೆಯೇ. 2016ರ ಸೆಪ್ಟೆಂಬರ್ 29ರಂದು, ಹಿಂದಿನ ರಾತ್ರಿ ನಮ್ಮ ಸೇನೆಯು ಕಾಶ್ಮೀರದ ನಿಯಂತ್ರಣರೇಖೆಯನ್ನು ದಾಟಿ ಘಾತುಕರ ನೆಲೆಗಳ ಮೇಲೆ ದಾಳಿ ಮಾಡಿತೆಂದು ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ಸಾರಿದರು. ಕೆಲವರು ಸಾಕ್ಷ್ಯ ಕೇಳಿದಾಗ, ಸಾಕ್ಷ್ಯ ಕೇಳುವುದೇ ಸೇನೆಗೆ ಅವಮಾನವೆಂದು ಇನ್ನು ಕೆಲವರು ಗದರಿಸಿದರು. 2018ರ ಜೂನ್ 27ರಂದು ಆ ದಾಳಿಯ ಚಲಚ್ಚಿತ್ರವನ್ನು ತಮಗೆ ದೊರೆತುದೆಂದು ಹಲವು ವಾಹಿನಿಗಳು ಒಟ್ಟಿಗೆ ತೋರಿಸಿದವು. ಒಡನೆಯೇ ಪಕ್ಷಗಳ ಕಚ್ಚಾಟ ಆರಂಭವಾಯಿತು. ಸೇನೆಯ ಯಂತ್ರಗಳು ತೆಗೆದ ಚಿತ್ರವು ಸೇನೆಯ ಕೋಠಿಯಿಂದ ಹೊರಗೆ ಬಂದ ಬಗೆ ಹೇಗೆ? ಒಬ್ಬ ಬಡ ಸಿಪಾಯಿ ಅಂತಹದೊಂದು ಚಿತ್ರವನ್ನು ಗೆಳೆಯನಿಗೆ ಕಳುಹಿಸಿದ್ದರೆ 1923ರ ಸರಕಾರಿ ರಹಸ್ಯಗಳ ಕಾಯಿದೆ ಅವನ ಕತ್ತಿಗೆ ಬರುತ್ತಿತ್ತು. ದೊಡ್ಡವರ ಕೈಯಿಂದ ಹೊರಬಿದ್ದಾಗ ಅದು ರಹಸ್ಯವಲ್ಲ, ದೇಶಭಕ್ತಿ! ಬಿಳಿಯರು ನಮ್ಮ ಬಾಯಿ ಕಟ್ಟಲು ಮಾಡಿದ ಆ ಕಾಯಿದೆಯನ್ನು ಸ್ವತಂತ್ರ ಭಾರತವೂ ಇಟ್ಟುಕೊಂಡಿದೆ. ಇಟ್ಟುಕೊಂಡ ಮೇಲೆ ತಕ್ಕಡಿಯಾದರೂ ಒಂದೇ ಇರಬೇಡವೇ?

ದಂಡನೆಯ ವಿಚಾರದಲ್ಲಿಯೂ ತಕ್ಕಡಿ ಓಲಾಡಿತು. 2016ರ ಜನವರಿಯಲ್ಲಿ ಪಠಾಣಕೋಟೆಯ ವಿಮಾನನೆಲೆಯ ಮೇಲೆ ನಡೆದ ದಾಳಿಯ ವರದಿಯಲ್ಲಿ ಸೂಕ್ಷ್ಮ ವಿವರಗಳನ್ನು ಹೊರಗೆಡಹಿತೆಂದು ಒಂದು ಹಿಂದಿ ವಾಹಿನಿಯು ನವೆಂಬರ್ 9ರಂದು ಒಂದು ದಿನ ಬಾಯಿ ಮುಚ್ಚಬೇಕೆಂದು ಸರಕಾರ ಆಜ್ಞೆ ಮಾಡಿತು. ತಾನು ಹೇಳಿದುದೆಲ್ಲವೂ ಆಗಲೇ ಇತರ ಪತ್ರಿಕೆಗಳಲ್ಲಿಯೂ ವಾಹಿನಿಗಳಲ್ಲಿಯೂ ಬಂದುದೇ ಎಂದು ಆ ವಾಹಿನಿ ವಾದಿಸಿತು. ದೇಶದ ಪತ್ರಕರ್ತರು ಆಕ್ಷೇಪಿಸಿದ ಮೇಲೆ ಆಜ್ಞೆಯನ್ನು ತಡೆಹಿಡಿಯಲಾಯಿತು. ಆ ವರದಿಯ ಸರಿತಪ್ಪುಗಳನ್ನು ನಾವು ಇಲ್ಲಿ ತೂಗುವುದಿಲ್ಲ. ಆರೋಪಿಸುವವನೂ ತೀರ್ಪು ಹೇಳುವವನೂ ಒಬ್ಬನೇ ಆದಲ್ಲಿ, ತಪ್ಪಿಗೆ ಶಿಕ್ಷೆಯಾಯಿತೋ ಟೀಕೆಗೆ ಶಿಕ್ಷೆಯಾಯಿತೋ ಎಂಬ ಸಂದೇಹವು ಜನರಲ್ಲಿ ಉಳಿದೇ ಉಳಿಯುತ್ತದೆ. ಆ ಸಂದೇಹವು ನಿಜವಾದ ಗುಟ್ಟಿಗೂ ಹಾನಿಕರ.

ಒಂದೇ ಲೇಖನಿಯ ಎರಡು ಮುಖ

ಯುದ್ಧದ ವಾರ್ತೆಯನ್ನು ಸಂಪೂರ್ಣವಾಗಿ ಕಟ್ಟಿಬಿಟ್ಟರೆ ಆಗದೇ ಎಂದು ಕೇಳುವ ಸಭ್ಯರು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಅವರು ಕ್ರೈಮಿಯಾ ಯುದ್ಧದ ಇತಿಹಾಸವನ್ನು ನೋಡಬೇಕು. 1854ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯು ವಿಲಿಯಂ ಹೋವರ್ಡ್ ರಸೆಲ್ ಎಂಬ ಬಾತ್ಮೀದಾರರನ್ನು ರಣರಂಗಕ್ಕೆ ಕಳುಹಿಸಿತು. ಅವರ ಪತ್ರಗಳಲ್ಲಿ ಬ್ರಿಟಿಷ್ ಪಾಳೆಯದ ನೆಲೆ, ಮದ್ದಿನ ಸಂಗ್ರಹ ಮೊದಲಾದ ವಿವರಗಳು ಬಂದಿದ್ದವು. ಶತ್ರುವಿಗೆ ಇನ್ನು ಚಾರರ ಖರ್ಚೇ ಬೇಡವೆಂಬ ಭಾವದಲ್ಲಿ ಸೇನಾಪತಿ ರಾಗ್ಲನ್ ಪ್ರಭುಗಳು ಲಂಡನ್ನಿಗೆ ದೂರಿದರು. ದೂರು ನಿರಾಧಾರವಾಗಿರಲಿಲ್ಲ.

ಆದರೆ ಅದೇ ಪತ್ರಿಕೆಯ ವರದಿಗಳೇ, ಸೈನಿಕರು ಚಳಿಗೆ ಬಟ್ಟೆಯಿಲ್ಲದೆ ಸಾಯುತ್ತಿರುವುದನ್ನೂ ಸ್ಕುಟಾರಿಯ ಆಸ್ಪತ್ರೆಯಲ್ಲಿ ಗಾಯಾಳುಗಳಿಗೆ ಆರೈಕೆಯಿಲ್ಲದಿರುವುದನ್ನೂ ಬ್ರಿಟಿಷ್ ಜನರ ಮುಂದಿಟ್ಟವು. ಅದನ್ನು ಓದಿದ ಜನರ ಆಕ್ರೋಶದಿಂದ ಫ್ಲಾರೆನ್ಸ್ ನೈಟಿಂಗೇಲರು ತಮ್ಮ ಶುಶ್ರೂಷಕಿಯರೊಡನೆ 1854ರ ನವೆಂಬರಿನಲ್ಲಿ ಅಲ್ಲಿಗೆ ಹೋದರು. 1855ರ ಜನವರಿಯಲ್ಲಿ ಅಬರ್ಡೀನರ ಮಂತ್ರಿಮಂಡಲವೇ ಉರುಳಿತು. ಮದ್ದಿನ ಮನೆಯ ನೆಲೆಯನ್ನು ಬರೆದುದು ತಪ್ಪು. ಆಸ್ಪತ್ರೆಯ ನರಕವನ್ನು ಬರೆದುದು ಪುಣ್ಯ. ಪತ್ರಿಕೆ ಒಂದೇ. 1856ರ ಫೆಬ್ರುವರಿ 25ರಂದು ಬ್ರಿಟಿಷ್ ಸೇನಾಪತಿ ಕಾಡ್ರಿಂಗ್‌ಟನ್ನರು ವಾರ್ತೆಗಳ ಮೇಲೆ ನಿರ್ಬಂಧದ ಆಜ್ಞೆ ಹೊರಡಿಸಿದರು. ಅಷ್ಟರಲ್ಲಿ ಯುದ್ಧವೇ ಮುಗಿಯುತ್ತ ಬಂದಿತ್ತು. ಆ ಆಜ್ಞೆ ಮೊದಲೇ ಬಂದಿದ್ದು ಎರಡೂ ಬಗೆಯ ವಾರ್ತೆಯನ್ನು ಕಟ್ಟಿದ್ದರೆ, ಉಳಿದುಕೊಂಡ ಸಿಪಾಯಿಗಳೆಷ್ಟು ಮಂದಿ ಸಾಯುತ್ತಿದ್ದರು?

ನಮ್ಮ ಕಾಲದ ಉದಾಹರಣೆ ಬಾಗ್ದಾದಿನದು. 2007ರ ಜುಲೈ 12ರಂದು ಅಮೇರಿಕದ ಯುದ್ಧ ಹೆಲಿಕಾಪ್ಟರುಗಳು ಆ ನಗರದ ಬೀದಿಯೊಂದರಲ್ಲಿ ಗುಂಡು ಹಾರಿಸಿದಾಗ ಸತ್ತವರಲ್ಲಿ ರಾಯ್ಟರ್ ವಾರ್ತಾಸಂಸ್ಥೆಯ ಇಬ್ಬರು ನೌಕರರಿದ್ದರು. ಹೆಲಿಕಾಪ್ಟರಿನ ಕ್ಯಾಮರಾ ಅದನ್ನೆಲ್ಲ ಹಿಡಿದಿತ್ತು. ರಾಯ್ಟರಿನವರು ಕಾಯಿದೆಯಂತೆ ಅರ್ಜಿ ಹಾಕಿ ಕೇಳಿದರೂ ಚಿತ್ರ ದೊರೆಯಲಿಲ್ಲ. 2010ರ ಏಪ್ರಿಲ್ 5ರಂದು ವಿಕಿಲೀಕ್ಸ್ ಸಂಸ್ಥೆಯು ಸೋರಿಬಂದ ಆ ಚಿತ್ರವನ್ನು ಪ್ರಕಟಿಸಿತು. ನಡೆದು ಮೂರು ವರ್ಷ ಸಮೀಪಿಸಿದ ಆ ಘಟನೆಯ ಚಿತ್ರದಿಂದ ಯಾವ ಸೈನಿಕನ ಜೀವಕ್ಕೆ ಅಪಾಯವಿತ್ತು? ಅದು ಕಾಯುತ್ತಿದ್ದುದು ಸೈನಿಕನನ್ನಲ್ಲ, ಇಲಾಖೆಯ ಮುಖವನ್ನು. ಆದರೆ ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಅದೇ ವರ್ಷದ ಜುಲೈಯಲ್ಲಿ ಅದೇ ಸಂಸ್ಥೆಯು ಹೊರಗೆಡಹಿದ ಅಫ್ಘಾನಿಸ್ತಾನದ ಯುದ್ಧದ ಕಾಗದಗಳಲ್ಲಿ, ಅಮೇರಿಕದವರಿಗೆ ಸುಳಿವು ಕೊಟ್ಟ ಬಡ ಅಫ್ಘಾನರ ಹೆಸರುಗಳೂ ಇದ್ದವು. ಆ ಹೆಸರುಗಳನ್ನು ಅಳಿಸದೆ ಬಿಟ್ಟುದು ಪಾಪಕೃತ್ಯ. ಸೋರಿಕೆಯೆಲ್ಲ ದ್ರೋಹವೂ ಅಲ್ಲ, ಸೋರಿಕೆಯೆಲ್ಲ ಸತ್ಯಾಗ್ರಹವೂ ಅಲ್ಲ. ಯಾರ ಜೀವಕ್ಕೆ ಕುತ್ತು, ಯಾರ ಮಾನಕ್ಕೆ ಕುತ್ತು ಎಂಬುದನ್ನು ವಿಂಗಡಿಸಬೇಕು. ಜೀವಕ್ಕೆ ಕುತ್ತಾದರೆ ಮುಚ್ಚು. ಬರಿಯ ಮಾನಕ್ಕಾದರೆ ತೆರೆ.

ಗಡುವಿಲ್ಲದ ಗುಟ್ಟು

ಈ ವಿಂಗಡಣೆಗೆ ಒರೆಗಲ್ಲು ಯಾವುದು? ಕಾಲವೇ ಎಂದು ನಮ್ಮ ಅಭಿಪ್ರಾಯ. ಕಾರ್ಯಾಚರಣೆಯ ಗುಟ್ಟು ಸಾಲದಂತೆ: ಜನರಿಂದ ಸರಕಾರ ತೆಗೆದುಕೊಂಡುದು, ಗಡುವು ಬಂದಾಗ ಹಿಂದಿರುಗಿಸಬೇಕಾದುದು. ಗಡುವನ್ನೇ ಬರೆಯದ ಪತ್ರವನ್ನು ಯಾವ ಸಾಹುಕಾರನೂ ಒಪ್ಪುವುದಿಲ್ಲ.

1962ರ ಸೋಲಿನ ಕಾರಣಗಳನ್ನು ವಿಚಾರಿಸಿ ಲೆಫ್ಟಿನೆಂಟ್ ಜನರಲ್ ಹೆಂಡರ್‌ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ಅವರು 1963ರಲ್ಲಿ ವರದಿ ಸಲ್ಲಿಸಿದರು. ಅರವತ್ತು ವರ್ಷಗಳು ಕಳೆದರೂ ಸರಕಾರ ತಾನಾಗಿ ಅದನ್ನು ಪ್ರಕಟಿಸಲಿಲ್ಲ. 2010ರಲ್ಲಿ ರಕ್ಷಣಾ ಸಚಿವ ಆಂಟನಿಯವರು, ಅದರ ವಿಷಯಗಳು ಇಂದಿಗೂ ಕಾರ್ಯಾಚರಣೆಗೆ ಸಂಬಂಧಪಟ್ಟ ಬೆಲೆಯುಳ್ಳವೆಂದು ಲೋಕಸಭೆಗೆ ತಿಳಿಸಿದರು. 2014ರಲ್ಲಿ ಅದರ ಒಂದು ಭಾಗವನ್ನು ಒಬ್ಬ ವಿದೇಶಿ ಪತ್ರಕರ್ತರು ಹೊರಹಾಕಿದರು. ಅಂದಿನ ಬಂದೂಕುಗಳು ವಸ್ತುಸಂಗ್ರಹಾಲಯ ಸೇರಿದವು, ಅಂದು ಕಾದಿದವರ ಮೊಮ್ಮಕ್ಕಳು ಸೇನೆ ಸೇರಿದರು. ಗುಟ್ಟು ಮಾತ್ರ ಮುದಿಯಾಗಲಿಲ್ಲ! 2005ರ ಮಾಹಿತಿ ಹಕ್ಕಿನ ಕಾಯಿದೆಯೂ ಇಪ್ಪತ್ತು ವರ್ಷ ಕಳೆದ ಹೆಚ್ಚಿನ ವಿಷಯಗಳಿಗೆ ಬಾಗಿಲು ತೆರೆಯುತ್ತದೆ. ಭದ್ರತೆಯ ವಿನಾಯಿತಿಯನ್ನು ಮಾತ್ರ ಆ ಬಳಿಕವೂ ಉಳಿಸಿದೆ. 2021ರ ಜೂನಿನಲ್ಲಿ ರಕ್ಷಣಾ ಸಚಿವಾಲಯವು, ಯುದ್ಧದ ಇತಿಹಾಸವನ್ನು ಐದು ವರ್ಷಗಳಲ್ಲಿ ಬರೆಯಿಸಬೇಕೆಂದೂ ಕಾಗದಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಪಡಿಸಬೇಕೆಂದೂ ಒಂದು ಧೋರಣೆಯನ್ನು ಸಾರಿತು. ಸ್ವಾಗತಾರ್ಹವಾದ ಧೋರಣೆ, ಆದರೆ ಧೋರಣೆ ಕಾಯಿದೆಯಲ್ಲ.

ಸಣ್ಣ ಗಡುವುಗಳ ಮಾತೂ ಇದೆ. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡಗಾಮಿನಲ್ಲಿ ನಮ್ಮ ವಾಯುಪಡೆಯ ಹೆಲಿಕಾಪ್ಟರೊಂದು ಬಿದ್ದು ಆರು ಮಂದಿ ವಾಯುಯೋಧರೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಅದನ್ನು ಹೊಡೆದುದು ನಮ್ಮದೇ ಕ್ಷಿಪಣಿಯೆಂದೂ ಅದು ದೊಡ್ಡ ತಪ್ಪೆಂದೂ ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿದುದು ಅಕ್ಟೋಬರ್ 4ರಂದು. ಒಪ್ಪಿಕೊಂಡುದು ಅವರ ಧೀರತನ. ಆದರೆ ನಡುವಿನ ಏಳು ತಿಂಗಳುಗಳಲ್ಲಿ ಒಂದು ಮಹಾಚುನಾವಣೆ ನಡೆದುಹೋಗಿತ್ತು.

2025ರ ಮೇ ತಿಂಗಳಿನಲ್ಲಿ ಆದುದನ್ನು ನೋಡಿರಿ. ಸಿಂಧೂರ ಕಾರ್ಯಾಚರಣೆಯ ಬಳಿಕ ಮೇ 11ರಂದು ನಮ್ಮ ವಿಮಾನಗಳ ನಷ್ಟದ ಪ್ರಶ್ನೆ ಬಂದಾಗ ಏರ್ ಮಾರ್ಷಲ್ ಭಾರ್ತಿಯವರು, ಹೋರಾಟದಲ್ಲಿ ನಷ್ಟ ಇರುವುದೇ, ಈಗ ವಿವರ ಹೇಳಿದರೆ ಎದುರಾಳಿಗೆ ಅನುಕೂಲವೆಂಬ ಅರ್ಥದ ಉತ್ತರ ಕೊಟ್ಟರು. ಅದು ಸಮರ್ಪಕವಾದ ಉತ್ತರ: ಸುಳ್ಳು ಹೇಳಲಿಲ್ಲ, ಗುಟ್ಟನ್ನೂ ಬಿಡಲಿಲ್ಲ. ಮೇ 31ರಂದು ರಕ್ಷಣಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣರು ವಿಮಾನಗಳ ನಷ್ಟವಾದುದನ್ನು ಒಪ್ಪಿದರು. ಒಪ್ಪಿದುದು ಸಿಂಗಪುರದಲ್ಲಿ, ವಿದೇಶಿ ವಾರ್ತಾಸಂಸ್ಥೆಗಳ ಮುಂದೆ. ಇಪ್ಪತ್ತು ದಿನಗಳ ಮೌನಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಮನೆಯ ಮಗನ ಸುದ್ದಿಯನ್ನು ಮನೆಯವರು ಪರವೂರಿನವರ ಬಾಯಿಂದ ಕೇಳುವಂತಾಗಬಾರದಿತ್ತು.

ಈ ಮೌನದ ನಡುವೆ ನಮ್ಮ ವೃತ್ತಿಯವರು ಮಾಡಿದುದನ್ನು ನೆನೆದರೆ ತಲೆ ತಗ್ಗುತ್ತದೆ. ಮೇ 8ರ ರಾತ್ರಿ ಹಲವು ವಾಹಿನಿಗಳು ಕರಾಚಿಯ ಬಂದರು ನಾಶವಾಯಿತೆಂದು ಕೂಗಿದವು; ಬೆಳಗಾದಾಗ ಬಂದರು ಇದ್ದಲ್ಲಿಯೇ ಇತ್ತು. ಗಣಕಯಂತ್ರದ ಆಟಗಳ ದೃಶ್ಯಗಳು ರಣರಂಗದ ಚಿತ್ರಗಳೆಂದು ಹರಿದಾಡಿ, ಸರಕಾರದ ಸತ್ಯಶೋಧನ ವಿಭಾಗವು ಅವನ್ನು ಅಲ್ಲಗಳೆಯಬೇಕಾಯಿತು. ವಾಯುದಾಳಿಯ ಎಚ್ಚರಿಕೆಯ ಸೈರನ್ನನ್ನು ತಮ್ಮ ಕಾರ್ಯಕ್ರಮಗಳಿಗೆ ಹಿನ್ನೆಲೆಯ ವಾದ್ಯವನ್ನಾಗಿ ಮಾಡಿಕೊಂಡ ವಾಹಿನಿಗಳಿಗೆ, ಹಾಗೆ ಮಾಡಿದರೆ ನಿಜವಾದ ಸೈರನ್ನಿಗೆ ಜನ ಓಗೊಡಲಾರರೆಂದು ಮೇ 10ರಂದು ಅಧಿಕಾರಿಗಳು ಬುದ್ಧಿ ಹೇಳಿದರು. ಬೇಡರು ಕೇಳಿದುದನ್ನಾದರೂ ಮಾರಿದರು. ಇವರು ಕೇಳದುದನ್ನೇ ಮಾರಿದರು.

ಯಾರು ಏನು ಮಾಡಬೇಕು?

ಸಂಪಾದಕರ ಕರ್ತವ್ಯ ಸ್ಪಷ್ಟವಾಗಿದೆ. ಕಾದಾಟದ ಚಿತ್ರ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದರಲ್ಲಿ ಕಾಣುವವರು ಇನ್ನೂ ಅಲ್ಲಿಯೇ ಇದ್ದಾರೆಯೇ? ಇದನ್ನು ಕೊಟ್ಟವನಿಗೆ ಇದರಿಂದ ಏನು ಲಾಭ? ಇದರಲ್ಲಿ ಬಿದ್ದವನ ತಾಯಿಗೆ ಸುದ್ದಿ ಮುಟ್ಟಿದೆಯೇ? ಮೊದಲನೆಯದಕ್ಕೆ ಹೌದೆಂದು ಉತ್ತರ ಬಂದರೆ, ಕೊನೆಯದಕ್ಕೆ ಇಲ್ಲವೆಂದು ಬಂದರೆ, ಚಿತ್ರವನ್ನು ಪೆಟ್ಟಿಗೆಯಲ್ಲಿ ಇರಿಸಿ ಬೀಗ ಹಾಕಬೇಕು. ಪಕ್ಕದ ಪತ್ರಿಕೆ ಹಾಕಿತೆಂಬುದು ನೆಪವಾಗಬಾರದು. ನಡುವಣ ಪ್ರಶ್ನೆಗೆ ದೊರೆತ ಉತ್ತರವನ್ನು ವಾಚಕರಿಗೂ ತಿಳಿಸಬೇಕು.

ಸರಕಾರವು ಮಾಡಬೇಕಾದುದು ಇಷ್ಟು. ಗುಟ್ಟಿಗೆ ಗಡುವನ್ನು ಕಾಯಿದೆಯಲ್ಲಿಯೇ ಬರೆಯಲಿ. ವಾಹಿನಿಯನ್ನು ದಂಡಿಸಬೇಕಾದಾಗ ತಾನೇ ತೀರ್ಪುಗಾರನಾಗದೆ, ನ್ಯಾಯಾಧೀಶರ ಮುಂದೆ ವಿಚಾರಣೆಗೆ ಒಪ್ಪಿಸಲಿ. ಮೇಲಿನವರು ಸೋರಿಸಿದರೂ ಕೆಳಗಿನವರು ಸೋರಿಸಿದರೂ ಒಂದೇ ಕಾಯಿದೆ ನಡೆಯಲಿ. ನಷ್ಟದ ವಾರ್ತೆ ಮೊದಲು ಸತ್ತವರ ಮನೆಗೆ, ಬಳಿಕ ಪಾರ್ಲಿಮೆಂಟಿಗೆ, ಅದರ ಬಳಿಕ ಪರದೇಶಕ್ಕೆ ಹೋಗಲಿ. ನಿಯಮವು ಹೇಳುವ ಅಧಿಕಾರಿಯ ವಿವರಣೆಯು ಹೊತ್ತಿಗೆ ಸರಿಯಾಗಿ ಬರಲಿ; ಅಧಿಕಾರಿ ಬಾಯಿ ಬಿಡದ ಪ್ರತಿಯೊಂದು ಗಂಟೆಯನ್ನೂ ವದಂತಿಯು ತುಂಬಿಕೊಳ್ಳುತ್ತದೆ.

ಊರಿನ ಮಹಾಜನರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಬೆಳಗಾವಿ, ಬೆಂಗಳೂರುಗಳಂತಹ ದಂಡಿನ ಊರುಗಳಲ್ಲಿ ಸಿಪಾಯಿಗಳ ರೈಲು ಹೊರಡುವುದನ್ನು ಕಂಡಾಗ ಕೈಬೀಸಿ ಹರಸಿರಿ. ಮೊಬೈಲನ್ನು ಕಿಸೆಯಲ್ಲಿಯೇ ಬಿಡಿರಿ. ರಜೆಯ ಮೇಲೆ ಬಂದ ಮಗನನ್ನು ಅವನ ಠಾಣ್ಯದ ವಿವರ ಕೇಳಬೇಡಿರಿ. ಕಳುಹಿಸಿದ ಚಿತ್ರ ಮರಳಿ ಬರಲಾರದು.

ಭಾರತಕಥೆಯಿಂದಲೇ ಆರಂಭಿಸಿದೆವು, ಅಲ್ಲಿಯೇ ಮುಗಿಸುವೆವು. ಆ ಯುದ್ಧದ ವಾರ್ತೆಯನ್ನು ಹೇಳಿದವನು ಸಂಜಯ. ವ್ಯಾಸರ ವರದಿಂದ ಅವನಿಗೆ ಎಲ್ಲವೂ ಕಾಣುತ್ತಿತ್ತು. ಆದರೂ ಅವನು ಹಸ್ತಿನಾವತಿಗೆ ಬಂದು ಬಾಯಿ ತೆರೆದುದು ಹತ್ತು ದಿನಗಳ ಕಾಳಗ ಮುಗಿದು ಭೀಷ್ಮರು ಶರಶಯ್ಯೆಯಲ್ಲಿ ಒರಗಿದ ಬಳಿಕ. ಬಾಯಿ ತೆರೆದ ಮೇಲೆ ಅವನು ಏನನ್ನೂ ಮುಚ್ಚಲಿಲ್ಲ: ಯಾರು ಬಿದ್ದರು, ಹೇಗೆ ಬಿದ್ದರು ಎಂಬುದನ್ನು ಅರಸನಿಗೆ ವಿವರಿಸಿದನು; ಈ ಅನರ್ಥಕ್ಕೆ ಮೂಲ ನಿನ್ನ ತಪ್ಪೇ ಎಂದು ಅರಸನ ಮುಖಕ್ಕೇ ಹೇಳಿದನು. ಅರಸನು ಕುರುಡನಾಗಿದ್ದರೂ ಅವನ ನಾಲಗೆಯನ್ನು ಕೀಳಿಸಲಿಲ್ಲ. ನಮ್ಮ ಪತ್ರಿಕೆಗಳು ಬೇಡರಾಗದೆ ಸಂಜಯರಾಗಲಿ. ಕಣ್ಣುಳ್ಳ ನಮ್ಮ ಸರಕಾರವು ಆ ಕುರುಡು ಅರಸನಷ್ಟಾದರೂ ತಾಳ್ಮೆಯಿಂದ ಕೇಳಿಸಿಕೊಳ್ಳಲಿ.